ಪರದೇಶಕ್ಕೆ ಹೊರಡುವವರ ಗಂಟುಮೂಟೆ

(ಮಲಾಡಿನ ನಮ್ಮ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ. ಪಾಳಿಯ ಕೆಲಸದಿಂದಾಗಿ ಅಂದು ಬರಲಾಗದವರ ಕೋರಿಕೆಯಂತೆ ಇಲ್ಲಿ ಅಚ್ಚು ಮಾಡಿಸಿದೆ.)



ವ್ಯವಸ್ಥಾಪಕರು ನನಗೆ ಕೊಟ್ಟಿರುವ ವಿಷಯ ಪರದೇಶ ಪ್ರಯಾಣದ ಸಿದ್ಧತೆ. ಪರದೇಶದ ಮಣ್ಣನ್ನೇ ಮೆಟ್ಟದ ಗುಮಾಸ್ತನೊಬ್ಬ ಈ ವಿಷಯದಲ್ಲಿ ಹೇಳತಕ್ಕದ್ದೇನು ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಅನಿಸುವುದು ನ್ಯಾಯವೇ. ನಾನು ಹೋದವನಲ್ಲ; ಆದರೆ ಹೊರಡುವವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಮಲಾಡಿನಿಂದ ಸಹಾರದ ವಿಮಾನ ನಿಲ್ದಾಣ ದೂರವಲ್ಲ. ಕುಂದಾಪುರದಿಂದಲೋ ಭಟ್ಕಳದಿಂದಲೋ ಬಿಜಾಪುರದ ಕಡೆಯಿಂದಲೋ ಯಾರದೋ ಭಾವಮೈದ, ಯಾರದೋ ಅಣ್ಣನ ಮಗ ಬಂದು ನಮ್ಮ ಖೋಲಿಗಳಲ್ಲಿ ನಾಲ್ಕು ದಿನ ಇದ್ದು ಇಲ್ಲಿಂದಲೇ ಟ್ರಂಕು ಕಟ್ಟಿಕೊಂಡು ಹೋಗುವುದು ನಮ್ಮ ಚಾಳುಗಳಿಗೆ ಹಳೆಯ ರೂಢಿ. 2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ವಿಮಾನ ಪ್ರಾರಂಭವಾದ ಮೇಲೆ ಆ ನೂಕುನುಗ್ಗಲು ಕಡಿಮೆಯಾಗಿದೆ, ಪೂರಾ ನಿಂತಿಲ್ಲ. ಈಗ ಹೊರಡುವವರಲ್ಲಿ ನಮ್ಮ ಮಲಾಡಿನಲ್ಲೇ ಬೆಳೆದ ಹುಡುಗರೂ ಇದ್ದಾರೆ.

ಮಿಲ್ಲಿನಲ್ಲಿ ನನ್ನ ಉದ್ಯೋಗ ಪ್ಯಾಕಿಂಗ್ ಸ್ಲಿಪ್ಪು ಬರೆಯುವುದು. ಮಿಲ್ಲುಗಳು ಇನ್ನೂ ಎಲ್ಲಿ ಉಳಿದಿವೆ ಎಂದು ಕೇಳುವವರಿದ್ದಾರೆ. 1982ರ ಮುಷ್ಕರದ ಅನಂತರ ಗಿರಣಗಾಂವಿನ ದೊಡ್ಡ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದು ತಮಗೆ ತಿಳಿದೇ ಇದೆ. ನಾನಿರುವುದು ಭಿವಂಡಿ ಕಡೆಯ ಒಂದು ಸಣ್ಣ ಮಿಲ್ಲು. ಸಣ್ಣದಾದರೂ ಅಲ್ಲಿ ಒಂದು ನಿಯಮ ಉಂಟು. ಬಟ್ಟೆಯ ಒಂದು ಬೇಲು ಗೇಟು ದಾಟಬೇಕಾದರೆ ಅದರ ನಂಬರು, ತೂಕ, ಒಳಗಿರುವ ಥಾನುಗಳ ಲೆಕ್ಕ ಇಷ್ಟೂ ಸ್ಲಿಪ್ಪಿನಲ್ಲಿ ಇರಬೇಕು. ಒಂದು ಪ್ರತಿ ಬೇಲಿನ ಜೊತೆ ಹೋಗುತ್ತದೆ, ಒಂದು ಪ್ರತಿ ಆಫೀಸಿನಲ್ಲಿ ಉಳಿಯುತ್ತದೆ. ಬಟ್ಟೆಯ ಬೇಲಿಗೆ ಇಷ್ಟು ಜೋಪಾನ ಮಾಡುವ ನಾವು ಮನೆಯ ಗಂಡುಮಗನನ್ನು ಕಡಲಾಚೆ ಕಳಿಸುವಾಗ ಎಷ್ಟು ಜೋಪಾನ ಮಾಡುತ್ತೇವೆ? ಉಪ್ಪಿನಕಾಯಿ ಜಾಡಿ ಸೋರದಂತೆ ನಾಲ್ಕು ಪದರ ಪ್ಲಾಸ್ಟಿಕ್ ಸುತ್ತುತ್ತೇವೆ. ಅವನ ಕರಾರುಪತ್ರದಲ್ಲಿ ಏನು ಬರೆದಿದೆ ಎಂದು ಯಾರೂ ಓದಿರುವುದಿಲ್ಲ. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ನಮ್ಮ ಹಿರಿಯರ ಕಾಲದಲ್ಲಿ ಈ ಪ್ರಯಾಣ ಹಡಗಿನಲ್ಲಿ ನಡೆಯುತ್ತಿತ್ತು. ಬ್ರಿಟಿಷ್ ಇಂಡಿಯಾ ಕಂಪನಿಯ ದಾರಾ, ದ್ವಾರಕಾ, ದುಮ್ರಾ ಎಂಬ ಹಡಗುಗಳು ಮುಂಬಯಿ ಬಂದರಿನಿಂದ ಹೊರಟು ಕೊಲ್ಲಿಯ ಬಂದರುಗಳನ್ನು ಮುಟ್ಟುತ್ತ ಬಸ್ರಾವರೆಗೆ ಹೋಗಿಬರುತ್ತಿದ್ದವು. ಡೆಕ್ಕಿನ ಪ್ರಯಾಣಿಕ ತನ್ನ ಹಾಸಿಗೆಯನ್ನು ತಾನೇ ಒಯ್ಯಬೇಕು, ಟ್ರಂಕಿನ ಪಕ್ಕದಲ್ಲೇ ಮಲಗಬೇಕು. 1961ರ ಏಪ್ರಿಲ್ 8ರಂದು ದುಬೈ ಸಮೀಪದ ಸಮುದ್ರದಲ್ಲಿ ದಾರಾ ಹಡಗಿನಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿ 238 ಮಂದಿ ಸತ್ತರು. ಅದು ಮುಂಬಯಿಗೆ ಮರಳಬೇಕಾಗಿದ್ದ ಹಡಗು. ದ್ವಾರಕಾ ಮಾತ್ರ 1982ರವರೆಗೆ ಓಡಿತು. ಆ ಕಾಲದ ಒಂದು ಅನುಕೂಲವನ್ನೂ ಹೇಳಬೇಕು. ದುಬೈ, ದೋಹಾ, ಬಹರೈನ್‌ಗಳಲ್ಲಿ ಆಗ ನಮ್ಮ ರೂಪಾಯಿಯೇ ನಡೆಯುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕು ಆ ಸೀಮೆಗಾಗಿಯೇ ಬೇರೆ ನೋಟು ಮುದ್ರಿಸಿತು; 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಉಳಿದಿದ್ದ ಸಂಸ್ಥಾನಗಳೂ ಅದನ್ನು ಕೈಬಿಡತೊಡಗಿದವು. ಈಗ ಹಡಗಿನ ಹಲವು ದಿನಗಳ ಹಾದಿ ವಿಮಾನದಲ್ಲಿ ಮೂರು ಗಂಟೆಯದ್ದು. ಹಾದಿ ಹತ್ತಿರವಾಯಿತೆಂದು ನಮ್ಮ ಹುಡುಗರು ಅದನ್ನು ದಾದರಿಗೆ ಹೋಗಿಬಂದಂತೆ ಎಣಿಸುತ್ತಾರೆ. ಹಾದಿ ಹತ್ತಿರವಾದರೂ ಕಾನೂನು ಬೇರೆ, ಭಾಷೆ ಬೇರೆ, ಅಲ್ಲಿ ಕಷ್ಟ ಬಂದರೆ ಕೂಗಿದ ಕೂಡಲೇ ಓಡಿಬರಲು ನಾವಿಲ್ಲ.

ಮೊದಲು ಕಾಗದದ ಮಾತು. ನಮ್ಮ ಮಲಾಡಿನಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಅರ್ಜಿ ಹಾಕುವ ಮುಂಚೆ ಹೆಸರಿನ ಕಡೆ ಗಮನವಿಡಬೇಕೆಂದು ಪ್ರಾರ್ಥನೆ. ಕನ್ನಡಿಗರ ಹೆಸರಿನ ಮುಂದೆ ಊರಿನದೊಂದು, ತಂದೆಯದೊಂದು ಇನಿಷಿಯಲ್ಲು ಇರುತ್ತದೆ. ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲು ನಡೆಯುವುದಿಲ್ಲ, ಪೂರ್ತಿ ಬಿಡಿಸಿ ಬರೆಯಬೇಕು. ಬರಿಯ ಒಂದೇ ಹೆಸರಿದ್ದರೂ ತೊಂದರೆ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನದವರು ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲವೆಂದು ನಿಯಮ ಮಾಡಿದಾಗ ಎಷ್ಟೋ ಮಂದಿ ಗಾಬರಿಯಾದರು. ಹೆಸರನ್ನು ಸರಿಪಡಿಸುವುದಕ್ಕೆ ವಾರಗಳು ಹಿಡಿಯುತ್ತವೆ. ಟಿಕೇಟು ತೆಗೆದ ಮೇಲೆ ಅದನ್ನು ನೆನೆದರೆ ಪ್ರಯೋಜನವಿಲ್ಲ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳಾದರೂ ಬಾಕಿ ಇರಬೇಕು.

ಪಾಸ್‌ಪೋರ್ಟಿನಲ್ಲಿ ಎರಡು ಜಾತಿ. ಹತ್ತನೆಯ ತರಗತಿ ಪಾಸಾಗದ ಕೂಲಿಗಾರ, ಅಡಿಗೆಯವ, ಡ್ರೈವರು ಇಂಥವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇ.ಸಿ.ಆರ್. ವರ್ಗದ್ದು. ಅಂದರೆ ಕೊಲ್ಲಿಯ ದೇಶಗಳೂ ಮಲೇಶಿಯಾ ಮುಂತಾದುವೂ ಸೇರಿದ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಎಂಬ ಅಧಿಕಾರಿಯ ಅನುಮತಿ ಬೇಕು. 1983ರ ಕಾಯ್ದೆಯಿಂದ ಬಂದ ವ್ಯವಸ್ಥೆ ಇದು. ಮುಂಬಯಿಯಲ್ಲಿ ಆ ಕಚೇರಿ ಬಾಂದ್ರಾ-ಕುರ್ಲಾ ಸಂಕೀರ್ಣದ ವಿದೇಶ ಭವನದಲ್ಲಿದೆ. ನನ್ನಂಥ ಮೆಟ್ರಿಕ್ಕಿನವನಿಗೆ ಈ ಅನುಮತಿಯ ಅಗತ್ಯವಿಲ್ಲ. ನಮ್ಮ ಗುಮಾಸ್ತ ಮಿತ್ರರು ಇದನ್ನು ಒಂದು ದೊಡ್ಡಸ್ತಿಕೆ ಎಂಬಂತೆ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಆದರೆ ಸ್ವಲ್ಪ ಯೋಚಿಸಿರಿ. ಅಡಿಗೆಯವನ ಕರಾರುಪತ್ರವನ್ನು ಒಬ್ಬ ಅಧಿಕಾರಿಯಾದರೂ ನೋಡಿರುತ್ತಾನೆ. ಅವನಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. 2017ರಲ್ಲಿ ಪರಿಷ್ಕರಿಸಿದ ಈ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಅಪಘಾತದಿಂದ ಮರಣವೋ ಶಾಶ್ವತ ಅಂಗವೈಕಲ್ಯವೋ ಆದಲ್ಲಿ 10 ಲಕ್ಷ ರೂಪಾಯಿ. ಮೆಟ್ರಿಕ್ಕಿನವನ ಕಾಗದವನ್ನು ನೋಡುವವರು ಯಾರೂ ಇಲ್ಲ. ತಾನೇ ನೋಡಿಕೊಳ್ಳಬೇಕು. ಓದು ಬಂದವನು ಮೋಸಹೋಗುವುದಿಲ್ಲ ಎಂಬ ನಂಬಿಕೆಯಿಂದಲೇ ಎಷ್ಟೋ ಮಂದಿ ಮೋಸಹೋಗುತ್ತಾರೆ.

ಕರಾರುಪತ್ರದಲ್ಲಿ ನೋಡತಕ್ಕದ್ದೇನು? ಕೆಲಸದ ಹೆಸರು ಏನು. ವೀಸಾದಲ್ಲೂ ಅದೇ ಹೆಸರಿದೆಯೋ ಇಲ್ಲವೋ. ಮೂಲ ಪಗಾರ ಎಷ್ಟು, ಭತ್ಯ ಎಷ್ಟು. ಊಟ, ವಸತಿ ಅವರದೋ ನಮ್ಮದೋ. ದಿನಕ್ಕೆ ಎಷ್ಟು ಗಂಟೆ, ಓವರ್‌ಟೈಮಿಗೆ ಏನು ದರ. ರಜೆಗೆ ಬರುವಾಗಲೂ ಕರಾರು ಮುಗಿದಾಗಲೂ ಟಿಕೇಟು ಯಾರದು. ಇಂಗ್ಲಿಷಿನ ಪ್ರತಿಗೂ ಅರಬ್ಬಿಯ ಪ್ರತಿಗೂ ವ್ಯತ್ಯಾಸ ಬಂದರೆ ಸೌದಿ, ದುಬೈಗಳಲ್ಲಿ ಅರಬ್ಬಿಯ ಪ್ರತಿಯೇ ಊರ್ಜಿತ. ಆದಕಾರಣ ಅರಬ್ಬಿ ಬಲ್ಲ ಒಬ್ಬರಿಂದ ಅದನ್ನು ಓದಿಸಬೇಕು. ಮಾಲ್ವಣಿಯಲ್ಲಿ ಕೇಳಿದರೆ ಅಂಥವರು ಸಿಕ್ಕಾರು, ಒಂದು ಚಹಾದ ಖರ್ಚು.

ಕಳೆದ ವರ್ಷ ನಮ್ಮ ಚಾಳಿಗೆ ಬಂದಿದ್ದ ಒಬ್ಬ ತರುಣನಿಗೆ ಏಜೆಂಟನೊಬ್ಬ ಹೋಟೆಲ್ ಕ್ಯಾಶಿಯರ್ ಎಂದು ಹೇಳಿದ್ದ. ಕಾಗದ ನೋಡಿದರೆ ಅದು ಎರಡು ತಿಂಗಳ ವಿಸಿಟ್ ವೀಸಾ. "ಅಲ್ಲಿಗೆ ಮುಟ್ಟಿದ ಮೇಲೆ ಕೆಲಸದ ವೀಸಾಕ್ಕೆ ಬದಲಿಸುತ್ತಾರಂತೆ ಅಣ್ಣಾ" ಎಂದ. "ಬದಲಿಸದಿದ್ದರೆ?" ಎಂದೆ. ಅವನು ಅದನ್ನು ಕೇಳಿರಲೇ ಇಲ್ಲ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಮಾಡಿದವನು ಅಲ್ಲಿನ ಕಾನೂನಿನ ಕಣ್ಣಿಗೆ ತಪ್ಪಿತಸ್ಥ. ಪಗಾರ ಕೊಡದಿದ್ದರೆ ದೂರು ಕೊಡಲು ಹೋಗುವುದಕ್ಕೇ ಅವನಿಗೆ ಹೆದರಿಕೆ. ಪುಣ್ಯಕ್ಕೆ ಆ ಹುಡುಗ ಹಣ ಪೂರ್ತಿ ಕೊಟ್ಟಿರಲಿಲ್ಲ. ಊರಿಗೆ ಹಿಂದಿರುಗಲು ನಾಚಿಕೆಯೆಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈಗ ಕಾಂದಿವಲಿಯ ಒಂದು ಹೋಟೆಲಿನಲ್ಲಿದ್ದಾನೆ.

ಹಣದ ಮಾತು ಬಂತು. ಸರ್ಕಾರದ ರಿಜಿಸ್ಟರಾದ ಏಜೆಂಟನು ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ 2017ರ ತಿದ್ದುಪಡಿಯ ನಿಯಮದಂತೆ 30,000 ರೂಪಾಯಿ ಮಿತಿ ಇದೆ. ಮೇಲೆ ಶೇಕಡಾ 18ರ ತೆರಿಗೆ, ಒಟ್ಟು 35,400. ಇದಕ್ಕೆ ರಸೀತಿ ಕೊಡಬೇಕು. ಆದರೆ ಲಕ್ಷ, ಒಂದೂವರೆ ಲಕ್ಷ ಕೊಟ್ಟು ಹೊರಟವರನ್ನು ತಾವೂ ಕಂಡಿದ್ದೀರಿ. ರಸೀತಿ ಎಲ್ಲಿ ಎಂದರೆ "ನಂಬಿಕೆಯ ಮನುಷ್ಯ" ಎನ್ನುತ್ತಾರೆ. ನಾನು ಲೆಕ್ಕದವನು, ಲೆಕ್ಕವನ್ನೇ ಹೇಳುತ್ತೇನೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಊರಿನಲ್ಲಿ ಒಂದು ಲಕ್ಷ ಎತ್ತಿದರೆ ತಿಂಗಳ ಬಡ್ಡಿ 3,000. ಎರಡು ವರ್ಷದ ಕರಾರಿಗೆ ಬಡ್ಡಿಯೊಂದೇ 72,000. ಅಸಲು ಹಾಗೆಯೇ ನಿಂತಿದೆ. ಅಲ್ಲಿ ಉಳಿಸಬಹುದಾದ ಹಣದಿಂದ ಇದನ್ನು ಕಳೆದು ನೋಡಿರಿ, ಆಮೇಲೆ ಇಲ್ಲಿನ ಪಗಾರದ ಜೊತೆ ಹೋಲಿಸಿರಿ. ಕೆಲವರಿಗೆ ಹೋಗುವುದೇ ಲಾಭವೆಂದು ತೋರೀತು, ಹೋಗಲಿ. ಕೆಲವರಿಗೆ ಹೆಂಡತಿಯ ಕರಿಮಣಿಯ ಗುಂಡೂ ಒತ್ತೆ ಹೋಗಿ ಎರಡು ವರ್ಷದ ಕೊನೆಗೆ ಮೊದಲಿದ್ದಲ್ಲೇ ಇರುವೆವೆಂದು ತೋರೀತು. ಈ ಕೂಡುಕಳೆಯುವ ಲೆಕ್ಕವನ್ನು ಹೊರಡುವ ಮುಂಚೆ ಗಂಡ ಹೆಂಡತಿ ಇಬ್ಬರೂ ಕೂತು ಮಾಡಬೇಕು. ಸಾಲ ಯಾರಿಂದ, ಎಷ್ಟು, ಯಾವ ಬಡ್ಡಿಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಆಕೆಯ ಕೈಗೆ ಕೊಟ್ಟು ಹೋಗಬೇಕು. ಗಂಡ ವಿಮಾನ ಹತ್ತಿದ ಮೇಲೆ ಸಾಲಗಾರ ಬಾಗಿಲಿಗೆ ಬಂದಾಗ ಆಕೆಗೆ ಮೊದಲ ಬಾರಿ ವಿಷಯ ತಿಳಿಯುವುದು ನಮ್ಮಲ್ಲಿ ಅಪರೂಪವಲ್ಲ.

ಮನೆಯಲ್ಲಿ ಉಳಿಯಬೇಕಾದ ಗಂಟು ಬೇರೆಯೂ ಇದೆ. ಪಾಸ್‌ಪೋರ್ಟು, ವೀಸಾ, ಕರಾರುಪತ್ರ, ಏಜೆಂಟನ ರಸೀತಿ, ವಿಮೆಯ ಕಾಗದ, ಅಲ್ಲಿನ ಕಂಪನಿಯ ವಿಳಾಸ, ಜೊತೆಯಲ್ಲಿ ಕೆಲಸ ಮಾಡುವ ಇಬ್ಬರ ಫೋನ್ ನಂಬರು ಇವೆಲ್ಲದರ ನಕಲು ಮನೆಯಲ್ಲಿರಬೇಕು. ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟಿದ್ದೇನೆ ಎನ್ನುತ್ತಾರೆ. ಮೊಬೈಲು ಕಳೆದರೆ, ಒಡೆದರೆ, ಯಾರಾದರೂ ಕಿತ್ತುಕೊಂಡರೆ ಚಿತ್ರವೂ ಹೋಯಿತು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಅಲ್ಲಿದ್ದ ನಮ್ಮವರು ಅಂಗಡಿ, ಮನೆ, ಬ್ಯಾಂಕಿನ ಹಣ ಎಲ್ಲವನ್ನೂ ಬಿಟ್ಟು ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನಿಗೆ ಬಂದರು. ಅಲ್ಲಿಂದ ಏರ್ ಇಂಡಿಯಾದ ವಿಮಾನಗಳು ಸುಮಾರು ಎರಡು ತಿಂಗಳ ಕಾಲ ಹಾರಾಡಿ ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಜನರನ್ನು ಕರೆತಂದವು. ಬಹಳ ಮಂದಿ ಇಳಿದದ್ದು ನಮ್ಮ ಈ ಸಹಾರದಲ್ಲೇ. ಮರುವರ್ಷ ವಿಶ್ವಸಂಸ್ಥೆಯವರು ಪರಿಹಾರಕ್ಕೊಂದು ಆಯೋಗ ಮಾಡಿದರು. ಕುವೈತು ಬಿಟ್ಟುಬಂದೆನೆಂದು ತೋರಿಸಿದ ಒಂಟಿ ಮನುಷ್ಯನಿಗೆ 2,500 ಡಾಲರು, ಬೇರಾವ ಹಕ್ಕನ್ನೂ ಕೇಳದಿದ್ದರೆ 4,000 ಡಾಲರು ನಿಗದಿಯಾಯಿತು. ಅದಕ್ಕೂ ಅಲ್ಲಿದ್ದೆ, ಇಂಥ ದಿನ ಹೊರಟೆ ಎಂಬುದಕ್ಕೆ ಕಾಗದ ಬೇಕು. ಉಳಿದ ಆಸ್ತಿ, ಬಾಕಿ ಪಗಾರ ಕೇಳುವವನಿಗಂತೂ ಇನ್ನೂ ಹೆಚ್ಚಿನ ಕಾಗದ ಬೇಕಾಯಿತು. ಎಲ್ಲವನ್ನೂ ಬಿಟ್ಟು ಓಡಿಬಂದವನಿಗೆ ಊರಿನ ಪೆಟ್ಟಿಗೆಯಲ್ಲಿದ್ದ ಒಂದು ನಕಲಿಗೂ ಅಂಥ ಹೊತ್ತಿನಲ್ಲಿ ಬೆಲೆ ಬರುತ್ತದೆ.

ಅಸಲು ಪಾಸ್‌ಪೋರ್ಟಿನ ವಿಷಯ ಒಂದೇ ಮಾತು. ಅದು ಭಾರತ ಸರ್ಕಾರದ ಸೊತ್ತು ಎಂದು 1967ರ ಕಾಯ್ದೆಯೇ ಹೇಳುತ್ತದೆ. ಮಾಲೀಕನು ಅದನ್ನು ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳುವುದು ನ್ಯಾಯವಲ್ಲ. ಇಟ್ಟುಕೊಳ್ಳುವವರು ಇದ್ದಾರೆಂಬುದೂ ನಿಜ. ಅದಕ್ಕಾಗಿಯೇ ನಕಲು.

ಇನ್ನು ಟ್ರಂಕಿಗೆ ಬರೋಣ. ತಾಯಂದಿರು ಇದಕ್ಕಾಗಿಯೇ ಕಾಯುತ್ತಿದ್ದಾರೆಂದು ಕಾಣುತ್ತದೆ. ಬಟ್ಟೆಬರೆಯ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಹತ್ತಿಯ ಬಟ್ಟೆ, ಒಂದು ಬೆಚ್ಚನೆಯದು (ಜನವರಿಯಲ್ಲಿ ಕುವೈತು, ರಿಯಾಧಗಳಲ್ಲಿ ರಾತ್ರಿ ನಡುಗಿಸುವ ಚಳಿ), ಗಟ್ಟಿ ಜೋಡು. ತೊಂದರೆಯೆಲ್ಲ ತಿಂಡಿಯ ಡಬ್ಬಿಯಲ್ಲಿ. ಗಸಗಸೆ ಒಂದು ಕಾಳೂ ಇರಕೂಡದು. ನಮಗೆ ಅದು ಪಾಯಸದ ಸಾಮಾನು. ಸೌದಿಯಲ್ಲೂ ಸಂಯುಕ್ತ ಅರಬ್ ಸಂಸ್ಥಾನದಲ್ಲೂ ಅಫೀಮಿನ ಗಿಡದ ಬೀಜವೆಂದು ನಿಷೇಧ, ಸಿಕ್ಕಿಬಿದ್ದರೆ ಜೈಲು. ಮಸಾಲೆ ಪುಡಿಗೆ ಗಸಗಸೆ ಹುರಿದು ಹಾಕುವ ಮನೆಗಳವರು ಹೊರಡುವವನಿಗೆ ಬೇರೆ ಪುಡಿ ಮಾಡಿಕೊಡಬೇಕು. ವೀಳ್ಯದೆಲೆ, ಪಾನಿನ ಸಾಮಗ್ರಿ ದುಬೈ ಕಸ್ಟಮ್ಸಿನವರ ನಿಷೇಧದ ಪಟ್ಟಿಯಲ್ಲಿದೆ. ಅಜ್ಜಿಯ ಆಶೀರ್ವಾದದ ಎಲೆಯಡಿಕೆಯನ್ನು ಇಲ್ಲೇ ಕಣ್ಣಿಗೊತ್ತಿಕೊಂಡು ಬಿಟ್ಟು ಹೋಗುವುದು ಮೇಲು. ಒಣ ಕೊಬ್ಬರಿಯ ಮಾತು ಕೇಳಿದರೆ ತಮಗೆ ಆಶ್ಚರ್ಯವಾದೀತು. ಎಣ್ಣೆಯ ಅಂಶದಿಂದ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಗುಂಪಿನಲ್ಲಿ ಅದನ್ನು ಸೇರಿಸಿದ್ದಾರೆ. ಹಲವು ವಿಮಾನ ಕಂಪನಿಗಳು ಒಪ್ಪುವುದಿಲ್ಲ. ಹಪ್ಪಳ, ಅವಲಕ್ಕಿ, ಚಟ್ನಿಪುಡಿ, ಶೇಂಗಾ ಹೋಳಿಗೆ ಇವಕ್ಕೆ ಅಂಥ ಭಯವಿಲ್ಲ. ಉಪ್ಪಿನಕಾಯಿ, ಎಣ್ಣೆ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಗೆ ಹಾಕಬೇಕು. ಮೊಬೈಲಿಗೆ ಜೀವ ತುಂಬುವ ಪವರ್ ಬ್ಯಾಂಕು ಇದಕ್ಕೆ ತದ್ವಿರುದ್ಧ. ಅದು ಕೈಚೀಲದಲ್ಲೇ ಇರಬೇಕು.

ಔಷಧಿಯಲ್ಲಿ ಇನ್ನೂ ಎಚ್ಚರ. ಇಲ್ಲಿ ಮೂಲೆಯ ಅಂಗಡಿಯಲ್ಲಿ ಸಿಗುವ ಕೆಲವು ಕೆಮ್ಮಿನ ಔಷಧಿಗಳಲ್ಲಿ ಕೋಡೀನ್ ಇರುತ್ತದೆ. ನೋವಿನ ಗುಳಿಗೆಗಳಲ್ಲಿ ಟ್ರಾಮಡಾಲ್ ಎಂಬುದೊಂದು. ಇವೆರಡೂ ಅಲ್ಲಿ ಕಟ್ಟುನಿಟ್ಟಿನ ಹತೋಟಿಯಲ್ಲಿರುವ ಮದ್ದುಗಳು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಗುಳಿಗೆ ಒಯ್ಯುವವರೂ ಡಾಕ್ಟರರ ಚೀಟಿ ಸಹಿತ, ಅಂಗಡಿಯ ಪೊಟ್ಟಣದಲ್ಲೇ ಒಯ್ಯಬೇಕು. ಬಿಡಿಸಿ ಡಬ್ಬಿಗೆ ತುಂಬಬಾರದು.

ಈಗ ಹೇಳುವುದನ್ನು ಬೇರೇನೂ ನೆನಪಿರದಿದ್ದರೂ ನೆನಪಿಡಬೇಕೆಂದು ಕೈಮುಗಿದು ಕೇಳುತ್ತೇನೆ. ಬೇರೆಯವರ ಗಂಟನ್ನು ಒಯ್ಯಬೇಡಿರಿ. 2019ರಲ್ಲಿ ನಮ್ಮ ಮುಂಬಯಿಯದೇ ಒಂದು ದಂಪತಿ ದೋಹಾ ವಿಮಾನ ನಿಲ್ದಾಣದಲ್ಲಿ ಇಳಿದರು. ಜರ್ದಾ ಎಂದು ಹೇಳಿ ಅವರ ಕೈಗೆ ಕೊಟ್ಟಿದ್ದ ಪೊಟ್ಟಣದಲ್ಲಿ ನಾಲ್ಕು ಕಿಲೋ ಚರಸ್ ಸಿಕ್ಕಿತು. ಕೊಟ್ಟವರು ಪರಕೀಯರಲ್ಲ, ಬಂಧುಗಳೇ ಎಂದು ಪತ್ರಿಕೆಗಳಲ್ಲಿ ಬಂತು. ಹತ್ತು ಹತ್ತು ವರ್ಷದ ಶಿಕ್ಷೆಯಾಯಿತು. ಹೆಣ್ಣುಮಗಳು ಗರ್ಭಿಣಿ, ಮಗು ಜೈಲಿನಲ್ಲೇ ಹುಟ್ಟಿತು. ಅವರು ನಿರ್ದೋಷಿಗಳೆಂದು ತೀರ್ಪಾಗಿ ಬಿಡುಗಡೆಯಾಗುವ ಹೊತ್ತಿಗೆ 2021 ಬಂದಿತ್ತು. ಅವರ ಪರವಾಗಿ ಇಲ್ಲಿ ಓಡಾಡಿದ ಮನೆಯವರಿದ್ದರು, ಇಲ್ಲಿನ ಪೊಲೀಸರ ತನಿಖೆ ಇತ್ತು. ಅಷ್ಟೆಲ್ಲ ಇದ್ದರೂ ಎರಡು ವರ್ಷ ಹಿಡಿಯಿತು.

ನಮ್ಮ ಜನರಿಗೆ ಇಲ್ಲ ಎನ್ನುವುದು ಕಷ್ಟ. ಹೊರಡುವ ಹಿಂದಿನ ರಾತ್ರಿ ಯಾರೋ ಬರುತ್ತಾರೆ. "ನಮ್ಮ ಭಾವ ಅಲ್ಲಿದ್ದಾರೆ, ಒಂದು ಸಣ್ಣ ಡಬ್ಬಿ, ಏನಿಲ್ಲ, ಸ್ವಲ್ಪ ಚಕ್ಕುಲಿ" ಎನ್ನುತ್ತಾರೆ. ಅಂಥವರ ಎದುರಿಗೇ ಡಬ್ಬಿ ತೆರೆದು, ಪೇಪರಿನ ಮೇಲೆ ಸುರಿದು, ನೋಡಿ, ತಮ್ಮ ಕೈಯಿಂದಲೇ ತುಂಬಿಕೊಳ್ಳಿರಿ. ಹೊಲಿದ ಗಂಟು, ಅಂಟುಪಟ್ಟಿ ಸುತ್ತಿದ ಪೊಟ್ಟಣ, ಒಳಪದರವಿರುವ ಚೀಲ ಯಾರೇ ಕೊಡಲಿ, ಬೇಡ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ನಮ್ಮ ಮಿಲ್ಲಿನ ಗೇಟಿನಲ್ಲಿ ಮ್ಯಾನೇಜರರ ಭಾವನ ಬೇಲಾದರೂ ಸ್ಲಿಪ್ಪಿಲ್ಲದೆ ಹೊರಗೆ ಬಿಡುವುದಿಲ್ಲ. ಗುರ್ಖಾನ ಮೇಲೆ ಯಾರೂ ಅದಕ್ಕಾಗಿ ಸಿಟ್ಟಾಗುವುದೂ ಇಲ್ಲ. ಪೆಟ್ಟಿಗೆಯಲ್ಲಿರುವ ವಸ್ತುಗಳ ಪಟ್ಟಿಯೊಂದನ್ನು ಬರೆದು ಎರಡು ಪ್ರತಿ ಮಾಡಿ, ಒಂದನ್ನು ಮುಚ್ಚಳದ ಒಳಗೆ, ಒಂದನ್ನು ಕಿಸೆಯಲ್ಲಿ ಇಡಿರಿ. ಪೆಟ್ಟಿಗೆ ತಪ್ಪಿಹೋದರೆ ಪರಿಹಾರ ಕೇಳುವುದಕ್ಕೂ ಅದು ಬರುತ್ತದೆ.

ಹೊರಡುವ ದಿನ ಅಂಧೇರಿಯವರೆಗೆ ಲೋಕಲ್ ಗಾಡಿಯಲ್ಲಿ ಟ್ರಂಕು ಸಹಿತ ಹೋಗುವ ಸಾಹಸ ಬೇಡ. ರಿಕ್ಷಾದ ಕಾಸು ಉಳಿಸಲು ಹೋಗಿ ಕೈಚೀಲ ಕಳಕೊಂಡವರಿದ್ದಾರೆ. ಮಳೆಗಾಲದಲ್ಲಿ ಸಬ್‌ವೇಯಲ್ಲಿ ನೀರು ನಿಂತರೆ ಮಲಾಡಿನ ಪಶ್ಚಿಮದಿಂದ ಪೂರ್ವಕ್ಕೆ ದಾಟುವುದೇ ಒಂದು ಪ್ರಯಾಣ. ವಿಮಾನಕ್ಕೆ ಮೂರು ಗಂಟೆ ಮೊದಲು ತಲಪುವಂತೆ ಲೆಕ್ಕ ಹಾಕಿ, ಅದರ ಮೇಲೆ ಒಂದು ಗಂಟೆ ಸೇರಿಸಿರಿ.

ಕೊನೆಯದಾಗಿ ವಾಚನಾಲಯದ ಪರವಾಗಿ ಒಂದು ಅರಿಕೆ. ಓದುಬರಹ ಬಲ್ಲ ನಾವು ನಾಲ್ಕು ಜನ ಪ್ರತಿ ಭಾನುವಾರ ಸಂಜೆ ಐದರಿಂದ ಏಳರವರೆಗೆ ಪತ್ರಿಕೆಗಳ ಮೇಜಿನ ಬಳಿ ಕೂರುವುದೆಂದು ನಿಶ್ಚಯಿಸಿದ್ದೇವೆ. ಹೊರಡುವವರು ಕರಾರುಪತ್ರ ತಂದರೆ ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳುತ್ತೇವೆ. ಸಾಧ್ಯವಾದರೆ ಮನೆಯಾಕೆಯನ್ನೂ ಕರೆತರಬೇಕು. ಇದಕ್ಕೆ ಶುಲ್ಕವಿಲ್ಲ. ಅಸಲು ಕಾಗದಗಳನ್ನು ನಮ್ಮ ಹತ್ತಿರ ಬಿಟ್ಟುಹೋಗಬಾರದು, ನಕಲು ಸಾಕು. ಪೆಟ್ಟಿಗೆ ತೂಗುವ ಕೊಕ್ಕೆಯ ತಕ್ಕಡಿಯೊಂದು ಕಪಾಟಿನ ಕೆಳಗಿನ ಖಾನೆಯಲ್ಲಿದೆ. ಪುಸ್ತಕದಲ್ಲಿ ಹೆಸರು ಬರೆದು ಯಾರು ಬೇಕಾದರೂ ಒಯ್ಯಬಹುದು. ಮಾರನೆಯ ದಿನ ತಪ್ಪದೆ ಹಿಂದಿರುಗಿಸಬೇಕು, ಮುಂದಿನವರು ಕಾಯುತ್ತಿರುತ್ತಾರೆ.